ನಾಲ್ಕನೇ ತರಗತಿಯಲ್ಲಿ ಡಿಜಿಟಲ್ ಕಥೆ: 32 ಮಕ್ಕಳು, 4 ಟ್ಯಾಬ್, ಎಲ್ಲಿಂದ ಶುರು ಮಾಡುವುದು?

ಕಥೆಗಂಟು:

ಎಲ್ಲರಿಗೂ ನಮಸ್ಕಾರ. ನಾಲ್ಕನೇ ತರಗತಿಯ ಕನ್ನಡ ಪಾಠದ ಜೊತೆಗೆ ಡಿಜಿಟಲ್ ಕಥೆಯ ಒಂದು ಘಟಕ ಸೇರಿಸಬೇಕೆಂದಿದ್ದೇನೆ. ಮಕ್ಕಳು ತಾವೇ ಕಥೆ ಕಟ್ಟಬೇಕು, ಚಿತ್ರ ಬರೆಯಬೇಕು, ತಮ್ಮ ದನಿಯಲ್ಲೇ ಹೇಳಬೇಕು. ಕೊನೆಗೆ ಒಂದು ನಿಮಿಷದ ವಿಡಿಯೊನೋ ಮಾತಾಡುವ ಪುಸ್ತಕವೋ ಸಿದ್ಧವಾಗಬೇಕು.

ಕೈಯಲ್ಲಿರುವುದು ಇಷ್ಟು: 32 ಮಕ್ಕಳು, 4 ಟ್ಯಾಬ್, ಒಂದು ಲ್ಯಾಪ್‌ಟಾಪ್, ಪ್ರೊಜೆಕ್ಟರ್. ಇಂಟರ್ನೆಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಪೀರಿಯಡ್ 40 ನಿಮಿಷದ್ದು, ವಾರಕ್ಕೆ ಎರಡು ಸಿಗುತ್ತದೆ.

ಯಾವ ಆ್ಯಪ್ ಸೂಕ್ತ? ಗದ್ದಲದ ಕೋಣೆಯಲ್ಲಿ ದನಿ ಹೇಗೆ ಮುದ್ರಿಸುವುದು? ಎಲ್ಲಕ್ಕಿಂತ ಮುಖ್ಯವಾಗಿ, ಮಕ್ಕಳು ಬಟನ್ ಒತ್ತುವುದರಲ್ಲೇ ಮುಳುಗಿ ಭಾಷೆ ಹಿಂದೆ ಬೀಳದಂತೆ ನೋಡಿಕೊಳ್ಳುವುದು ಹೇಗೆ? ಅನುಭವ ಇರುವವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಹಲಗೆಬಳಪ:

ಆ್ಯಪ್ ಯಾವುದು ಎಂಬುದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲ ಎರಡು ಪೀರಿಯಡ್‌ನಲ್ಲಿ ಟ್ಯಾಬ್ ಬೀರುವಿನಿಂದ ಹೊರಗೆ ಬರುವುದೇ ಬೇಡ. ಮಗುವಿನ ಕೈಗೆ ಟ್ಯಾಬ್ ಸಿಕ್ಕ ಕ್ಷಣದಿಂದ ಅದರ ಗಮನವೆಲ್ಲ ಹಿನ್ನೆಲೆ ಬಣ್ಣ, ಸ್ಟಿಕರ್, ಅಕ್ಷರದ ಆಕಾರದ ಮೇಲೆ. ಕಥೆ ಗಟ್ಟಿಯಾಗುವ ಮೊದಲೇ ಇದು ಆದರೆ, ನೀವು ಹೇಳಿದ ಹಾಗೆ ಭಾಷೆ ಹಿಂದೆ ಬೀಳುವುದು ಖಂಡಿತ. 1990ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ ಜೋ ಲ್ಯಾಂಬರ್ಟ್, ಡಾನಾ ಆಚ್ಲಿ ಮುಂತಾದವರು ಡಿಜಿಟಲ್ ಕಥೆಯ ಕಾರ್ಯಾಗಾರ ಶುರು ಮಾಡಿದಾಗಲೂ ಕ್ರಮ ಇದೇ ಇತ್ತು: ಕಂಪ್ಯೂಟರಿನ ಮುಂದೆ ಹೋಗುವ ಮುಂಚೆ ವೃತ್ತವಾಗಿ ಕೂತು ಬಾಯಿಮಾತಿನಲ್ಲಿ ಕಥೆ ಹೇಳುವುದು. ದೊಡ್ಡವರಿಗೇ ಆ ಹಂತ ಬೇಕಾಗಿತ್ತು ಅಂದಮೇಲೆ ಒಂಬತ್ತು ವರ್ಷದವರಿಗೆ ಬೇಡವೇ?

ನಾಲ್ಕು ನಾಲ್ಕು ಮಕ್ಕಳ 8 ಗುಂಪು ಮಾಡಿ. ಮೊದಲ ಪೀರಿಯಡ್ ಪೂರ್ತಿ ಬಾಯಿಮಾತು. ಒಂದು ಗುಂಪು ಪಕ್ಕದ ಗುಂಪಿಗೆ ಕಥೆ ಹೇಳುತ್ತದೆ, ಕೇಳಿದವರು ಒಂದೇ ಪ್ರಶ್ನೆ ಕೇಳಬೇಕು: "ನನಗೆ ಎಲ್ಲಿ ಅರ್ಥ ಆಗಲಿಲ್ಲ ಅಂದರೆ..." ಈ ಪ್ರಶ್ನೆಯಿಂದಲೇ ಅರ್ಧ ತಿದ್ದುಪಡಿ ಆಗಿಹೋಗುತ್ತದೆ.

ಎರಡನೇ ಪೀರಿಯಡ್‌ನಲ್ಲಿ ಹಾಳೆ. ಎ4 ಹಾಳೆಯನ್ನು ಮೂರು ಸಲ ಅರ್ಧಕ್ಕೆ ಮಡಚಿ ಬಿಡಿಸಿದರೆ 8 ಮನೆ ಬರುತ್ತದೆ. ಮೊದಲ ಮನೆ ಕಥೆಯ ಹೆಸರಿಗೆ, ಕೊನೆಯದು ಯಾರು ಏನು ಮಾಡಿದರು ಎಂದು ಬರೆಯಲು. ನಡುವಿನ 6 ಮನೆಯೇ ಕಥೆ. ಪ್ರತಿ ಮನೆಯ ಮೇಲರ್ಧದಲ್ಲಿ ಕಡ್ಡಿಗೊಂಬೆಯ ಚಿತ್ರ, ಕೆಳಗೆ ಹೆಚ್ಚೆಂದರೆ ಎರಡು ವಾಕ್ಯ. ಮೂರನೇ ಮನೆಯೊಳಗೆ ಒಂದು ತೊಡಕು ಬಂದಿರಲೇಬೇಕು ಅನ್ನುವ ನಿಯಮ ಇಡಿ. ಇಲ್ಲದಿದ್ದರೆ "ಎದ್ದರು, ಹೋದರು, ಆಡಿದರು, ಬಂದರು" ಅಂತ ದಿನಚರಿ ಆಗುತ್ತದೆ.

ಉದ್ದದ ಲೆಕ್ಕ: ಈ ವಯಸ್ಸಿನ ಮಗು ಆತುರವಿಲ್ಲದೆ ಹೇಳಿದರೆ ನಿಮಿಷಕ್ಕೆ 60ರಿಂದ 80 ಪದ. ಆದ್ದರಿಂದ ಇಡೀ ಕಥೆ 70 ಪದ ದಾಟಬಾರದು. 70 ಅಂದರೆ ತೀರಾ ಕಡಿಮೆ ಅನ್ನಿಸುತ್ತದೆ, ಆದರೆ ಇಲ್ಲೇ ನಿಜವಾದ ಭಾಷಾ ಕೆಲಸ ಇರುವುದು. ಚಿತ್ರದಲ್ಲಿ ಕಾಣುವುದನ್ನು ಮಾತಿನಲ್ಲಿ ಹೇಳಬೇಕಾಗಿಲ್ಲ. ಕೆಂಪು ಕೊಡೆ ಚಿತ್ರದಲ್ಲಿದ್ದರೆ "ಅವಳ ಹತ್ತಿರ ಕೆಂಪು ಕೊಡೆ ಇತ್ತು" ಅನ್ನುವ ವಾಕ್ಯ ಹೊಡೆದುಹಾಕಬಹುದು. "ಅವಳಿಗೆ ಕೊಡೆ ಬಿಚ್ಚಲು ಮನಸ್ಸಿಲ್ಲ" ಅನ್ನುವುದು ಚಿತ್ರದಲ್ಲಿ ಬರುವುದಿಲ್ಲ, ಅದು ಉಳಿಯಲಿ. ಈ ಭೇದ ಒಮ್ಮೆ ತಿಳಿದರೆ ಮಕ್ಕಳು ತಾವೇ ಕತ್ತರಿ ಹಾಕುತ್ತಾರೆ.

ಮೂರನೇ ಪೀರಿಯಡ್ ದೊಡ್ಡ ಚಿತ್ರಗಳಿಗೆ, ನಾಲ್ಕು ಮತ್ತು ಐದು ದನಿಯ ಮುದ್ರಣಕ್ಕೆ, ಆರು ಜೋಡಣೆಗೆ, ಏಳು ಎಲ್ಲರೂ ಕೂತು ನೋಡುವುದಕ್ಕೆ. ಇದಕ್ಕಿಂತ ಕಡಿಮೆಯಲ್ಲಿ ಮುಗಿಸಲು ಹೋದರೆ ಜೋಡಣೆಯೆಲ್ಲ ಶಿಕ್ಷಕರ ತಲೆಗೇ ಬರುತ್ತದೆ.

ಮೊದಲ ಸಲಕ್ಕೆ ಆ್ಯಪ್ ಬೇಕೇ ಬೇಕೆಂದಿಲ್ಲ. ಮಕ್ಕಳ ಚಿತ್ರದ ಫೋಟೊ ತೆಗೆದು ಲ್ಯಾಪ್‌ಟಾಪಿನ ಪವರ್‌ಪಾಯಿಂಟ್‌ನಲ್ಲಿ ಸ್ಲೈಡಿಗೊಂದರಂತೆ ಹಾಕಿ, ಪ್ರತಿ ಸ್ಲೈಡಿಗೂ ಅದರ ದನಿಯ ಕಡತ ಸೇರಿಸಿ. ದನಿ ತಾನಾಗಿ ಶುರುವಾಗುವಂತೆ 'ಆಟೊಮ್ಯಾಟಿಕಲಿ' ಎಂದು ಬದಲಿಸಿ. ಟ್ರಾನ್ಸಿಷನ್ಸ್ ಪಟ್ಟಿಯ 'ಆಫ್ಟರ್' ಪೆಟ್ಟಿಗೆಯಲ್ಲಿ ದನಿಯ ಅವಧಿಗಿಂತ ಒಂದು ಸೆಕೆಂಡ್ ಹೆಚ್ಚು ಕೊಡಿ: ಮಾತು 9 ಸೆಕೆಂಡ್ ಇದ್ದರೆ 10. ಸಮಯ ಕೊಡದ ಸ್ಲೈಡಿಗೆ ವಿಡಿಯೊ ಮಾಡುವಾಗ ಅದು ತಾನೇ 5 ಸೆಕೆಂಡ್ ಎಂದುಕೊಳ್ಳುತ್ತದೆ, ಹೆಸರಿನ ಪುಟ ಸುಮ್ಮನೆ ನಿಂತಂತೆ ಕಾಣುವುದು ಅದರಿಂದಲೇ. ಪುಟ ತಿರುಗುವ, ಸುತ್ತುವ, ಕರಗುವ ಅಲಂಕಾರ ಯಾವುದೂ ಬೇಡ.

ಟ್ಯಾಬ್‌ನಲ್ಲೇ ಮಾಡುವುದಾದರೆ ಬುಕ್ ಕ್ರಿಯೇಟರ್ ತರಹದ್ದು ಸರಿಹೋಗುತ್ತದೆ. ಪುಟ, ಚಿತ್ರ, ದನಿ ಮೂರೂ ಒಂದೇ ಕಡೆ ಇರುತ್ತದೆ. ಕೃತಕ ಬುದ್ಧಿಮತ್ತೆಯಿಂದ ಚಿತ್ರ ಮಾಡಿಸುವುದನ್ನು ಈ ತರಗತಿಗೆ ನಾನು ಒಪ್ಪುವುದಿಲ್ಲ. ಒಂದನೇ ಪುಟದ ಹುಡುಗಿ ಎರಡನೇ ಪುಟದಲ್ಲಿ ಬೇರೆ ಮುಖ ಹೊತ್ತು ಬರುತ್ತಾಳೆ. ಅದಕ್ಕಿಂತ ಹೆಚ್ಚಾಗಿ, ಚಿತ್ರ ಬರೆಯುತ್ತಾ ಬರೆಯುತ್ತಾ ಮಗುವಿಗೆ ಹೊಳೆಯುವ ವಿವರಗಳೆಲ್ಲ ತಪ್ಪಿಹೋಗುತ್ತವೆ.

ದನಿಪೆಟ್ಟಿಗೆ:

ಮೇಲಿನವರು ಹೇಳಿದ ಕ್ರಮಕ್ಕೆ ನನ್ನ ಪೂರ್ತಿ ಸಹಮತ. ದನಿಯ ಬಗ್ಗೆ ಮಾತ್ರ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಇಡೀ ಕೆಲಸ ಕೆಡುವುದೂ ಇಲ್ಲೇ, ಮಕ್ಕಳು ಹೆಚ್ಚು ಕಲಿಯುವುದೂ ಇಲ್ಲೇ. ಚಿತ್ರ ಸೊಟ್ಟಗಿದ್ದರೂ ಜನ ನೋಡುತ್ತಾರೆ. ಮಾತು ಕೇಳಿಸದಿದ್ದರೆ ಹತ್ತು ಸೆಕೆಂಡಿಗೆ ಗಮನ ಹೋಗುತ್ತದೆ.

ಜಾಗ: ತರಗತಿಯೊಳಗೆ ಮುದ್ರಿಸಬೇಡಿ. ಪುಸ್ತಕದ ಕಪಾಟು, ಚೀಲಗಳು, ಪರದೆ, ಬಟ್ಟೆ ಇರುವ ಸಣ್ಣ ಕೋಣೆ ಹುಡುಕಿ. ಖಾಲಿ ಗೋಡೆಯ ದೊಡ್ಡ ಕೋಣೆಯಲ್ಲಿ ದನಿ ಗೋಡೆಗೆ ಬಡಿದು ಹಿಂದಿರುಗಿ ಗುಂಯ್‌ಗುಡುತ್ತದೆ, ಅದನ್ನು ಆಮೇಲೆ ಯಾವ ತಂತ್ರಾಂಶದಿಂದಲೂ ಚೆನ್ನಾಗಿ ತೆಗೆಯಲಾಗುವುದಿಲ್ಲ. ಬೇರೆ ಜಾಗವೇ ಇಲ್ಲದಿದ್ದರೆ ಕೋಣೆಯ ಮೂಲೆಯಲ್ಲಿ ಮೇಜಿನ ಮೇಲೆ ಎರಡು ಕಂಬಳಿಯನ್ನು ಡೇರೆಯಂತೆ ಇಳಿಬಿಟ್ಟರೂ ಆದೀತು. ಫ್ಯಾನ್ ಆರಿಸಿ. ಟ್ಯಾಬ್ ಏರೋಪ್ಲೇನ್ ಮೋಡ್‌ನಲ್ಲಿರಲಿ.

ದೂರ: ಮೈಕ್ ಬಾಯಿಂದ ಒಂದು ಗೇಣು, ಬಾಯಿಗೆ ನೇರವಾಗಿ ಅಲ್ಲದೆ ಕೆನ್ನೆಯ ಪಕ್ಕಕ್ಕೆ. ನೇರವಾಗಿ ಹಿಡಿದರೆ ಪ, ಫ, ಭ ಬಂದ ಕಡೆಯೆಲ್ಲ ಉಸಿರು ಮೈಕಿಗೆ ಬಡಿದು 'ಡಬ್' ಅನ್ನುತ್ತದೆ. ಟ್ಯಾಬ್‌ನ ಮೈಕ್ ರಂಧ್ರ ಎಲ್ಲಿದೆ ಎಂದು ಮೊದಲೇ ಹುಡುಕಿ ಅಲ್ಲೊಂದು ಬಣ್ಣದ ಚುಕ್ಕಿ ಅಂಟಿಸಿ. ಮಕ್ಕಳು ಟ್ಯಾಬ್ ಹಿಡಿಯುವಾಗ ಬೆರಳಿಂದ ಅದನ್ನೇ ಮುಚ್ಚಿಬಿಡುತ್ತಾರೆ. ಮೇಜಿನ ಮೇಲೆ ಮಡಚಿದ ಟವೆಲ್ ಹಾಕಿ ಅದರ ಮೇಲಿಟ್ಟರೆ ಕೈ ತಾಗಿದ ಸದ್ದೂ ಬರುವುದಿಲ್ಲ.

ಒಂದು ದೃಶ್ಯಕ್ಕೆ ಒಂದು ಕಡತ. ಇದು ಅತಿ ಮುಖ್ಯ. ಇಡೀ ಕಥೆಯನ್ನು ಒಂದೇ ಸಲ ಮುದ್ರಿಸಲು ಹೊರಟರೆ ಐದನೇ ದೃಶ್ಯದಲ್ಲಿ ತೊದಲಿದ ಮಗು ಮತ್ತೆ ಮೊದಲಿಂದ ಹೇಳಬೇಕು, ಎರಡನೇ ಸಲಕ್ಕೆ ಅದರ ಉತ್ಸಾಹ ಬತ್ತಿರುತ್ತದೆ. ಬಿಡಿ ಬಿಡಿಯಾಗಿದ್ದರೆ ಕೆಟ್ಟಿದ್ದನ್ನಷ್ಟೇ ಮತ್ತೆ ಹೇಳಿದರಾಯಿತು. ಬಟನ್ ಒತ್ತಿದ ಮೇಲೆ ಮನಸ್ಸಿನಲ್ಲೇ ಎರಡು ಎಣಿಸಿ ಮಾತು ಶುರು, ಮುಗಿದ ಮೇಲೆ ಮತ್ತೆ ಎರಡು ಎಣಿಸಿ ನಿಲ್ಲಿಸುವುದು. ಇಲ್ಲದಿದ್ದರೆ ಮೊದಲ ಅಕ್ಷರ ಕತ್ತರಿಸಿಹೋಗುತ್ತದೆ: "ಒಂದೂರಿನಲ್ಲಿ" ಅಂದಿದ್ದು "ದೂರಿನಲ್ಲಿ" ಎಂದು ಕೇಳುತ್ತದೆ.

ಆ ಎರಡು ಸೆಕೆಂಡ್ ಮೌನಕ್ಕೆ ಇನ್ನೊಂದು ಉಪಯೋಗವಿದೆ. ಹಿನ್ನೆಲೆಯಲ್ಲಿ ಒಂದೇ ಸಮನೆ ಗುಂಯ್ ಅನ್ನುವ ಸದ್ದಿದ್ದರೆ ಆಡಾಸಿಟಿ ಎಂಬ ದನಿ ತಿದ್ದುವ ತಂತ್ರಾಂಶದಲ್ಲಿ ಆ ಮೌನದ ಭಾಗವನ್ನು ಆಯ್ದು, ಎಫೆಕ್ಟ್ ಪಟ್ಟಿಯ ನಾಯ್ಸ್ ರಿಡಕ್ಷನ್ ತೆರೆದು 'ಗೆಟ್ ನಾಯ್ಸ್ ಪ್ರೊಫೈಲ್' ಒತ್ತಿ. ಆಮೇಲೆ ಇಡೀ ದನಿ ಆಯ್ದು ಅದನ್ನೇ ಮತ್ತೆ ತೆರೆದು 6ರಿಂದ 12 ಡೆಸಿಬಲ್‌ವರೆಗೆ ಇಳಿಸಿ. ಅದಕ್ಕಿಂತ ಹೆಚ್ಚಿಗೆ ಹೋದರೆ ಮಗು ನೀರೊಳಗಿಂದ ಮಾತಾಡಿದ ಹಾಗಿರುತ್ತದೆ. ಪಕ್ಕದ ಕೋಣೆಯ ಮಾತು, ಬಾಗಿಲು ಬಡಿದ ಸದ್ದು ಇದರಿಂದ ಹೋಗುವುದಿಲ್ಲ. ಅಂಥದಕ್ಕೆ ಮತ್ತೆ ಹೇಳಿಸುವುದೊಂದೇ ದಾರಿ.

ಸಮಯದ ಲೆಕ್ಕವೂ ಇರಲಿ. 6 ದೃಶ್ಯ, ಪ್ರತಿಯೊಂದಕ್ಕೂ ಎರಡು-ಮೂರು ಪ್ರಯತ್ನ, ನಡುವೆ ಕೇಳಿ ನೋಡುವುದು, ಕೂರುವುದು ಏಳುವುದು ಎಲ್ಲ ಸೇರಿ ಒಂದು ಗುಂಪಿಗೆ 15 ನಿಮಿಷ ಹಿಡಿಯಿರಿ. 8 ಗುಂಪಿಗೆ 120 ನಿಮಿಷ, ಅಂದರೆ ಒಂದೇ ಮುದ್ರಣದ ಮೂಲೆ ಇದ್ದರೆ ಮೂರು ಪೀರಿಯಡ್. ಒಂದಕ್ಕೊಂದು ಕೇಳಿಸದ ಎರಡು ಮೂಲೆ ಸಿಕ್ಕರೆ ಎರಡು ಪೀರಿಯಡ್‌ನಲ್ಲಿ ಮುಗಿದು ಸ್ವಲ್ಪ ಸಮಯ ಉಳಿಯುತ್ತದೆ. ಉಳಿದ ಗುಂಪುಗಳು ಆ ಹೊತ್ತಿಗೆ ಚಿತ್ರಕ್ಕೆ ಬಣ್ಣ ತುಂಬಲಿ.

ಇನ್ನು ಕಲಿಕೆಯ ವಿಷಯ. ಮೊದಲ ಮುದ್ರಣ ಯಾವತ್ತೂ ಕೊನೆಯದಾಗಬಾರದು. ಒಮ್ಮೆ ಮುದ್ರಿಸಿ, ಗುಂಪಿನವರೆಲ್ಲ ಕಣ್ಣು ಮುಚ್ಚಿ ಕೇಳಲಿ. ಹಾಳೆಯ ಮೇಲೆ ಕಾಣದ್ದು ಆಗ ಕಿವಿಗೆ ಬೀಳುತ್ತದೆ. "ನಾಯಿ ಬಂತು. ಆಮೇಲೆ ಬೆಕ್ಕು ನೋಡಿತು. ಆಮೇಲೆ ಬೆಕ್ಕು ಓಡಿತು. ಆಮೇಲೆ ಅಟ್ಟ ಹತ್ತಿತು." ಬರೆದಾಗ ಯಾರಿಗೂ ತಪ್ಪೆನಿಸದ ಈ 'ಆಮೇಲೆ'ಗಳ ಸಾಲು ಕೇಳಿದಾಗ ಮಕ್ಕಳಿಗೇ ಬೇಸರ ತರಿಸುತ್ತದೆ. "ನಾಯಿ ಬಾಗಿಲು ತಳ್ಳಿದ್ದೇ ತಡ, ಬೆಕ್ಕು ಅಟ್ಟದ ಮೇಲಿತ್ತು" ಅನ್ನುವಂಥ ವಾಕ್ಯಕ್ಕೆ ಅವರು ಬರುವುದು ಆಗ. ಕೆಂಪು ಪೆನ್ನಿನಿಂದ ಆಗದ ತಿದ್ದುಪಡಿ ಇದು.

ತೊದಲುವ ಮಗು, ಮಾತು ಕಡಿಮೆ ಇರುವ ಮಗು ಇದ್ದರೆ ಅವರ ತೊದಲನ್ನು ಕೇಳದೆ ಕತ್ತರಿಸಬೇಡಿ. ಹಾಗೇ ಇರಲಿ ಅಂದರೆ ಹಾಗೇ ಇರಲಿ. ದನಿ ಕೊಡಲು ಇಷ್ಟವಿಲ್ಲ ಅಂದರೆ ಸದ್ದಿನ ಕೆಲಸ ಕೊಡಿ. ಸ್ಟೀಲ್ ತಟ್ಟೆಯಲ್ಲಿ ಮಣಿ ಉರುಳಿಸಿದರೆ ಮಳೆ, ಗಟ್ಟಿ ಪ್ಲಾಸ್ಟಿಕ್ ಹಾಳೆಯನ್ನು ಮೆಲ್ಲಗೆ ಹಿಸುಕಿದರೆ ಬೆಂಕಿ. ಎಲ್ಲಿಂದಲೋ ತಂದ ಹಿನ್ನೆಲೆ ಸಂಗೀತಕ್ಕಿಂತ ಇದು ಎಷ್ಟೋ ಮೇಲು.

ಕಥೆಗಂಟು:

ತುಂಬಾ ಧನ್ಯವಾದ, ದೃಶ್ಯಕ್ಕೊಂದು ಕಡತ ಅನ್ನುವುದು ನನಗೆ ಹೊಳೆದಿರಲಿಲ್ಲ. ಇನ್ನೆರಡು ಪ್ರಶ್ನೆ. ಸ್ಕ್ರ್ಯಾಚ್ ಜೂನಿಯರ್‌ನಲ್ಲಿ (ಆಜ್ಞೆಯ ತುಂಡುಗಳನ್ನು ಸಾಲಾಗಿ ಜೋಡಿಸಿ ಪಾತ್ರಗಳನ್ನು ಆಡಿಸುವ ಆ್ಯಪ್) ಕಥೆ ಮಾಡಿಸುವವರೂ ಇದ್ದಾರಲ್ಲ, ಅದು ಹೇಗೆ? ಮತ್ತೆ, ವಿಡಿಯೊ ತಂತ್ರಾಂಶದಲ್ಲಿ ಕನ್ನಡ ಶೀರ್ಷಿಕೆ ಟೈಪ್ ಮಾಡಿದರೆ ಒತ್ತಕ್ಷರವೆಲ್ಲ ಒಡೆದು ಬರುತ್ತಿದೆ. ಯಾಕೆ?

ಚುಕ್ಕಿಗೆರೆ:

ಸ್ಕ್ರ್ಯಾಚ್ ಜೂನಿಯರ್ 2014ರಲ್ಲಿ ಬಂದದ್ದು, 5ರಿಂದ 7 ವರ್ಷದವರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ತುಂಡುಗಳ ಮೇಲೆ ಪದಗಳ ಬದಲು ಚಿತ್ರವಿರುತ್ತದೆ, ಇನ್‌ಸ್ಟಾಲ್ ಆದ ಮೇಲೆ ಇಂಟರ್ನೆಟ್ ಬೇಡ, ಖಾತೆಯೂ ಬೇಡ. ನಿಮ್ಮ ಸ್ಥಿತಿಗೆ ಇವೆಲ್ಲ ಅನುಕೂಲ. ಆದರೆ ಒಂದು ಪ್ರಾಜೆಕ್ಟಿಗೆ ನಾಲ್ಕೇ ಪುಟ. ಆರು ಮನೆಯ ಕಥೆ ಕಟ್ಟಿಸಿ ಆಮೇಲೆ ಇದರೊಳಗೆ ತುರುಕಲು ಹೋದರೆ ಮಕ್ಕಳಿಗೆ ನಿರಾಸೆ. ಇದನ್ನೇ ಆರಿಸುವುದಾದರೆ ಹಾಳೆಯನ್ನು ಎರಡೇ ಸಲ ಮಡಚಿ ನಾಲ್ಕು ಮನೆಯಲ್ಲೇ ಕಥೆ ಮಾಡಿಸಿ.

ಎಡವುವ ಕಡೆಗಳು ಮೂರು. ಮುದ್ರಿಸಿದ ದನಿ ಆಯಾ ಪಾತ್ರಕ್ಕೇ ಸೇರಿರುತ್ತದೆ. ಬೆಕ್ಕನ್ನು ಆಯ್ದುಕೊಂಡು ನಾಯಿಯ ಮಾತು ಮುದ್ರಿಸಿದರೆ ಅದು ನಾಯಿಯ ಪಟ್ಟಿಯಲ್ಲಿ ಸಿಗುವುದಿಲ್ಲ, "ನಮ್ಮ ದನಿ ಅಳಿಸಿಹೋಯ್ತು" ಅಂತ ಮಕ್ಕಳು ಗಾಬರಿಯಾಗುತ್ತಾರೆ. ಎರಡನೆಯದು, ಹೊಸ ಪುಟದಲ್ಲಿ ಹಿಂದಿನ ಪುಟದ ಪಾತ್ರಗಳು ತಾವಾಗಿ ಬರುವುದಿಲ್ಲ. ಪಾತ್ರವನ್ನು ಎಳೆದು ಬಲಗಡೆಯ ಆ ಪುಟದ ಚಿಕ್ಕ ಚಿತ್ರದ ಮೇಲೆ ಬಿಟ್ಟರೆ ನಕಲಾಗುತ್ತದೆ. ಮೂರನೆಯದು, ಪುಟ ಬದಲಿಸುವ ಕೆಂಪು ತುಂಡು. ಅದು ಕೊನೆಯ ಮಾತಾಡುವ ಪಾತ್ರದ ಸಾಲಿನ ತುದಿಯಲ್ಲೇ ಇರಬೇಕು. ಬೇರೆ ಪಾತ್ರದ ಸಾಲಿನಲ್ಲಿಟ್ಟರೆ ಆ ಸಾಲು ಮೊದಲು ಮುಗಿದು, ಮಾತು ಅರ್ಧದಲ್ಲಿರುವಾಗಲೇ ಪುಟ ಹಾರುತ್ತದೆ.

ನಾಲ್ಕನೇ ತರಗತಿಗೆ ನನ್ನ ಆಯ್ಕೆ ಸ್ಟಾಪ್ ಮೋಷನ್, ಅಂದರೆ ಗೊಂಬೆಯನ್ನು ಸ್ವಲ್ಪ ಸ್ವಲ್ಪ ಸರಿಸುತ್ತಾ ತೆಗೆದ ಫೋಟೊಗಳನ್ನು ಸಾಲಾಗಿ ಓಡಿಸಿ ಚಲನೆ ತೋರಿಸುವುದು. ಇಲ್ಲಿ ಹಲಗೆಬಳಪ ಅವರ ಸ್ಲೈಡ್ ಪದ್ಧತಿಗಿಂತ ಸ್ವಲ್ಪ ಬೇರೆ ಅಭಿಪ್ರಾಯ ನನ್ನದು. ಕತ್ತರಿಸಿದ ಕಾಗದದ ಗೊಂಬೆಯನ್ನು ತಾವೇ ಕೈಯಿಂದ ಸರಿಸುವಾಗ ಮಕ್ಕಳಿಗೆ ಕ್ರಿಯಾಪದಗಳು ಬೇಕಾಗುತ್ತವೆ: ನುಸುಳಿತು, ತೆವಳಿತು, ಕುಪ್ಪಳಿಸಿತು. ನಿಂತ ಚಿತ್ರದಲ್ಲಿ "ಹೋಯಿತು" ಅಂದರೆ ಸಾಕಾಗಿಬಿಡುತ್ತದೆ.

ಲೆಕ್ಕ ಹೀಗೆ: ಸೆಕೆಂಡಿಗೆ 6 ಫ್ರೇಮ್ ಇಟ್ಟರೆ 10 ಸೆಕೆಂಡಿಗೆ 60 ಫೋಟೊ. ಒಂದು ನಿಮಿಷ ಪೂರ್ತಿ ಮಾಡಲು 360, ಅದು ಈ ವಯಸ್ಸಿಗೆ ಆಗದ ಮಾತು. ಕಥೆಯ ಒಂದೇ ಒಂದು ದೃಶ್ಯವನ್ನು, ತೊಡಕಿನ ದೃಶ್ಯವನ್ನು, ಸ್ಟಾಪ್ ಮೋಷನ್ ಮಾಡಿ, ಉಳಿದ ಐದು ನಿಂತ ಚಿತ್ರವಾಗಿರಲಿ. ಟ್ಯಾಬನ್ನು ಎರಡು ಕುರ್ಚಿ ಅಥವಾ ಪುಸ್ತಕದ ಎರಡು ರಾಶಿಯ ನಡುವೆ ಅಡ್ಡಲಾಗಿ ಇಟ್ಟು, ಕ್ಯಾಮೆರಾ ಕೆಳಗೆ ನೋಡುವಂತೆ ಮಾಡಿ ಟೇಪ್ ಹಚ್ಚಿ. ಪರದೆ ಮುಟ್ಟಿ ಫೋಟೊ ತೆಗೆದರೆ ಟ್ಯಾಬ್ ಅಲುಗಾಡುತ್ತದೆ. ಪಕ್ಕದ ವಾಲ್ಯೂಮ್ ಬಟನ್ ಅಥವಾ ಟೈಮರ್ ಕೆಲಸ ಮಾಡುತ್ತದೆಯೇ ನೋಡಿ. ಚಿತ್ರದ ಬೆಳಕು ಕ್ಷಣಕ್ಕೊಂದು ಬಗೆಯಾಗಿ ಮಿಣುಕುವುದು ಕ್ಯಾಮೆರಾ ಪ್ರತಿ ಫೋಟೊಗೂ ಬೆಳಕನ್ನು ತಾನೇ ಹೊಂದಿಸಿಕೊಳ್ಳುವುದರಿಂದ. ಎಕ್ಸ್‌ಪೋಶರ್ ಮತ್ತು ಫೋಕಸ್ ಎರಡನ್ನೂ ಲಾಕ್ ಮಾಡಿ, ಕಿಟಕಿ ಬೆಳಕಿನ ಬದಲು ಕೋಣೆಯ ದೀಪ ಬಳಸಿ. ಹಿಂದಿನ ಫ್ರೇಮಿನ ಮಸುಕು ನೆರಳು ತೋರಿಸುವ ಆನಿಯನ್ ಸ್ಕಿನ್ ಹಾಕಿಟ್ಟರೆ ಗೊಂಬೆ ಎಷ್ಟು ಸರಿಯಿತು ಎಂದು ಮಕ್ಕಳಿಗೆ ಕಾಣುತ್ತದೆ. ಒಂದು ಸಲಕ್ಕೆ ಬೆರಳಗಲ ಸರಿಸಿದರೆ ಸಾಕು.

ಒತ್ತಕ್ಷರ:

ಕನ್ನಡ ಒಡೆಯುವುದಕ್ಕೆ ಎರಡು ಬೇರೆ ಬೇರೆ ಕಾರಣಗಳಿವೆ. ಯಾವುದು ಎಂದು ಮೊದಲು ಗುರುತಿಸಿ.

"ಅಕ್ಕ" ಎಂದು ಟೈಪ್ ಮಾಡಿದ್ದು "ಅಕ್‌ಕ" ಎಂದು ಕಂಡರೆ ಯೂನಿಕೋಡ್ (ಎಲ್ಲ ಸಾಧನಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ) ಸರಿಯಿದೆ, ಆದರೆ ಆ ತಂತ್ರಾಂಶಕ್ಕೆ ಅಕ್ಷರಗಳನ್ನು ಕೂಡಿಸುವುದು ಗೊತ್ತಿಲ್ಲ. ಕನ್ನಡದಲ್ಲಿ ಒತ್ತು ಕೆಳಗೆ ಇಳಿಯಬೇಕು, ಅರ್ಕಾವತ್ತು ಮುಂದಕ್ಕೆ ಹೋಗಬೇಕು, ಈ ಜೋಡಣೆ ಮಾಡದ ತಂತ್ರಾಂಶ ಒಂದೊಂದು ಅಕ್ಷರವನ್ನೂ ಬಂದ ಹಾಗೆ ಇಡುತ್ತದೆ. ಫಾಂಟ್ ಬದಲಿಸಿದರೂ ಪ್ರಯೋಜನವಿಲ್ಲ. ಯಾವ ಆ್ಯಪ್ ಆರಿಸುವ ಮುಂಚೆಯೂ "ಸೂರ್ಯ, ರಾಷ್ಟ್ರ, ಸ್ತ್ರೀ" ಈ ಮೂರು ಪದ ಟೈಪ್ ಮಾಡಿ ನೋಡಿ. ಮೂರೂ ಸರಿ ಬಂದರೆ ಉಳಿದದ್ದೂ ಬರುತ್ತದೆ.

ಅಕ್ಷರದ ಬದಲು ಲ್ಯಾಟಿನ್ ಚಿಹ್ನೆಗಳ ರಾಶಿ ಕಂಡರೆ ಆ ಪಠ್ಯ ನುಡಿ, ಬರಹದಂಥ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ, ಅಂದರೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ತುಂಬಿದ ಫಾಂಟಿನಲ್ಲಿ ಟೈಪ್ ಆಗಿದೆ. ಪರಿವರ್ತಕದಿಂದ ಯೂನಿಕೋಡಿಗೆ ಬದಲಿಸಿ, ಇಲ್ಲವೇ ನೋಟೊ ಸಾನ್ಸ್ ಕನ್ನಡ ಅಥವಾ ತುಂಗಾ ಇಟ್ಟುಕೊಂಡು ಹೊಸದಾಗಿ ಟೈಪ್ ಮಾಡಿ.

ಒಡೆಯುವ ತಂತ್ರಾಂಶವನ್ನೇ ಬಳಸಬೇಕಾದರೆ ಶೀರ್ಷಿಕೆಯನ್ನು ಸ್ಲೈಡಿನಲ್ಲಿ ಟೈಪ್ ಮಾಡಿ, ಪಿಎನ್‌ಜಿ ಚಿತ್ರವಾಗಿ ಎಕ್ಸ್‌ಪೋರ್ಟ್ ಮಾಡಿ, ಚಿತ್ರವೆಂದೇ ಸೇರಿಸಿ. ಆದರೆ ನಾಲ್ಕನೇ ತರಗತಿಯಲ್ಲಿ ಟೈಪಿಂಗ್ ಯಾಕೆ ಬೇಕು? ಮಕ್ಕಳು ಸ್ಕೆಚ್ ಪೆನ್ನಿನಲ್ಲಿ ದುಂಡಗೆ ಬರೆದ ಶೀರ್ಷಿಕೆಯ ಫೋಟೊ ಯಾವ ಫಾಂಟಿಗಿಂತಲೂ ಚೆಂದ, ಒತ್ತಕ್ಷರವೂ ಒಡೆಯುವುದಿಲ್ಲ.

ಕಡತಗಳ ಹೆಸರನ್ನು ಅಂಕಿಯಲ್ಲೇ ಇಡಿ. 0301 ಅಂದರೆ ಮೂರನೇ ಗುಂಪಿನ ಒಂದನೇ ದೃಶ್ಯ. ಚಿತ್ರಕ್ಕೂ ದನಿಗೂ ಅದೇ ಅಂಕಿ. 48 ಚಿತ್ರ, 48 ದನಿ ಸೇರಿದಾಗ ಇದರ ಬೆಲೆ ತಿಳಿಯುತ್ತದೆ. ವಿಡಿಯೊ ಎಡಿಟರಿನ ಪ್ರಾಜೆಕ್ಟ್ ಕಡತದೊಳಗೆ ಸಾಮಾನ್ಯವಾಗಿ ಚಿತ್ರ, ದನಿ ಇರುವುದಿಲ್ಲ, ಅವು ಎಲ್ಲಿವೆ ಎಂಬ ವಿಳಾಸವಷ್ಟೇ ಇರುತ್ತದೆ. ಆದ್ದರಿಂದ ಪೆನ್‌ಡ್ರೈವಿಗೆ ಹಾಕುವಾಗ ಫೋಲ್ಡರನ್ನೇ ಪೂರ್ತಿ ಹಾಕಿ. ಕೊನೆಯ ವಿಡಿಯೊಗೆ 720ಪಿ ಸ್ಪಷ್ಟತೆ, 2.5 ಎಂಬಿಪಿಎಸ್ (ಸೆಕೆಂಡಿಗೆ 2.5 ಮೆಗಾಬಿಟ್) ಸಾಕು, ಒಂದು ನಿಮಿಷಕ್ಕೆ ಸುಮಾರು 19 ಎಂಬಿ ಆಗುತ್ತದೆ. 4ಕೆಯಲ್ಲಿ ತೆಗೆದರೆ ಟ್ಯಾಬ್ ತುಂಬುವುದೊಂದೇ ಲಾಭ.

ಬೇಲಿಹೂವು:

ಒಂದು ವಿಷಯ ಯಾರೂ ಹೇಳಿಲ್ಲ. ಮಕ್ಕಳ ಹೆಸರಲ್ಲಿ ಖಾತೆ ತೆರೆಯಬೇಡಿ. ಎಷ್ಟೋ ಸೇವೆಗಳ ನಿಯಮದಲ್ಲೇ 13 ವರ್ಷದ ಮಿತಿಯಿದೆ. ಶಿಕ್ಷಕರ ಒಂದೇ ಖಾತೆ ಸಾಕು, ಇಂಟರ್ನೆಟ್ ಬೇಡದ ಆ್ಯಪ್ ಇನ್ನೂ ಒಳ್ಳೆಯದು. ಮಕ್ಕಳ ಮುಖದ ಫೋಟೊ ಬದಲು ಅವರು ಬರೆದ ಚಿತ್ರವೇ ಇರಲಿ. ಕೊನೆಯ ಪುಟದಲ್ಲಿ ಪೂರ್ತಿ ಹೆಸರು ಹಾಕಿದ ವಿಡಿಯೊವನ್ನು ಎಲ್ಲರಿಗೂ ಕಾಣುವಂತೆ ಅಂತರಜಾಲಕ್ಕೆ ಏರಿಸಬೇಡಿ. ತರಗತಿಯಾಚೆ ಹಂಚುವುದಾದರೆ ಪೋಷಕರ ಲಿಖಿತ ಒಪ್ಪಿಗೆ ಇರಲಿ, ದನಿಗೂ ಸೇರಿಸಿ.

ಹುಡುಕಿದಾಗ ಸಿಕ್ಕ ಚಿತ್ರವೆಲ್ಲ ಬಳಸಲು ಮುಕ್ತವಲ್ಲ. ಚಿತ್ರ ಬೇಕೇಬೇಕಾದರೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್‌ನಲ್ಲಿ (ಮಕ್ಕಳ ಕಥೆಗಳ ಜಾಲತಾಣ) ಮುಕ್ತ ಪರವಾನಗಿಯ ಚಿತ್ರಗಳಿವೆ. ಚಿತ್ರಕಾರರ ಹೆಸರು ಮತ್ತು ಪರವಾನಗಿಯನ್ನು ಕೊನೆಯ ಮನೆಯಲ್ಲಿ ಮಕ್ಕಳ ಕೈಯಲ್ಲೇ ಬರೆಸಿ.

ಕಥೆಗಂಟು:

ಎಲ್ಲವನ್ನೂ ಬರೆದಿಟ್ಟುಕೊಂಡೆ. ಅಂಕ ಹೇಗೆ ಕೊಡುತ್ತೀರಿ? ಗುಂಪಿನ ಕೆಲಸದಲ್ಲಿ ಒಬ್ಬರೇ ಎಲ್ಲ ಮಾಡಿ ಉಳಿದವರು ನೋಡುತ್ತಾ ಕೂತರೆ?

ಹಲಗೆಬಳಪ:

ಮುಗಿದ ವಿಡಿಯೊಗೆ ಅಂಕ ಕೊಡಬೇಡಿ, ಮಡಚಿದ ಹಾಳೆಗೆ ಕೊಡಿ. 20 ಅಂಕವಿದ್ದರೆ 8 ಹಾಳೆಯ ಕಥೆಗೆ, 6 ಮೊದಲ ಮುದ್ರಣಕ್ಕೂ ಎರಡನೆಯದಕ್ಕೂ ನಡುವೆ ಏನು ಬದಲಾಯಿತು ಎಂಬುದಕ್ಕೆ, 4 ಮಾತಿನ ಸ್ಪಷ್ಟತೆಗೆ, 2 ಚಿತ್ರಕ್ಕೂ ಮಾತಿಗೂ ಇರುವ ಹೊಂದಾಣಿಕೆಗೆ. ಆ್ಯಪ್ ಕೌಶಲಕ್ಕೆ ಸೊನ್ನೆ. ಆ 6 ಅಂಕ ಕೊಡಬೇಕಾದರೆ ಮೊದಲ ಮುದ್ರಣವನ್ನು ಅಳಿಸದೆ ಇಟ್ಟಿರಬೇಕು, ಇದನ್ನು ಮಕ್ಕಳಿಗೆ ಮೊದಲೇ ಹೇಳಿ. ಜಾಗ ಸಾಲದು ಎಂದು ಅವರು ಮೊದಲು ಅಳಿಸುವುದು ಅದನ್ನೇ.

ಗುಂಪಿನಲ್ಲಿ ಕೆಲಸ ನಾಲ್ಕು: ಹೇಳುವುದು, ಬಟನ್ ಒತ್ತುವುದು, ಹಾಳೆ ನೋಡಿ ಪದ ತಪ್ಪಿದರೆ ತಿಳಿಸುವುದು, ಸದ್ದು ಮಾಡುವುದು. ದೃಶ್ಯ ಬದಲಾದಂತೆ ಕೆಲಸವೂ ಒಂದು ಸುತ್ತು ಮುಂದಕ್ಕೆ. ಆರು ದೃಶ್ಯ, ನಾಲ್ಕು ಮಕ್ಕಳು ಇರುವುದರಿಂದ ಪ್ರತಿಯೊಬ್ಬರ ದನಿಯೂ ಒಂದು ಸಲವಾದರೂ ಬಂದೇ ಬರುತ್ತದೆ, ಇಬ್ಬರಿಗೆ ಎರಡು ಸಲ. ಆ ಇಬ್ಬರು ಯಾರು ಎಂಬುದನ್ನು ನೀವೇ ತೀರ್ಮಾನಿಸಿ, ಗುಂಪಿಗೆ ಬಿಟ್ಟರೆ ಯಾವಾಗಲೂ ಜೋರಾಗಿ ಮಾತಾಡುವವರೇ ಆಗಿರುತ್ತಾರೆ. ದನಿ ಕೊಡಲು ಒಲ್ಲೆ ಅಂದ ಮಗುವಿನ ಸರದಿ ಬಂದಾಗ ಮಾತಿನ ಬದಲು ಆ ದೃಶ್ಯದ ಸದ್ದನ್ನು ಅದರ ಕೈಗೇ ಕೊಡಿ.

ನೋಡುವ ದಿನ ಎಂಟೂ ಕಥೆ ಸೇರಿ ಹತ್ತು ನಿಮಿಷವೂ ಆಗುವುದಿಲ್ಲ. ಆದ್ದರಿಂದ ಪ್ರತಿ ಕಥೆಯನ್ನೂ ಎರಡು ಸಲ ಹಾಕಿ: ಮೊದಲು ಪ್ರೊಜೆಕ್ಟರ್ ಮುಚ್ಚಿ ಬರೀ ದನಿ, ಆಮೇಲೆ ಚಿತ್ರದೊಂದಿಗೆ. ಪ್ರೊಜೆಕ್ಟರಿನದೇ ಸ್ಪೀಕರ್ ಬಹಳ ಸಣ್ಣ ದನಿಯದು, ಹಿಂದಿನ ಬೆಂಚಿಗೆ ಕೇಳುವುದಿಲ್ಲ. ಬೇರೆ ಸ್ಪೀಕರ್ ಜೋಡಿಸಿ ಹಿಂದಿನ ದಿನವೇ ಒಂದು ಕಥೆ ಹಾಕಿ ನೋಡಿಕೊಳ್ಳಿ.